ಬಚ್ಚಲಿಗೆ ಬೂದು ಬಣ್ಣ

ನನ್ನ ತಂಗಿ ಆಸ್ಪತ್ರೆಯಲ್ಲಿದ್ದಾಗ ಅವಳ ಗಂಡ ಮತ್ತು ಮಗಳು ಸೇರಿ ಮನೆಯ ಕನ್ನಡಿಗಳನ್ನೆಲ್ಲ ಇಳಿಸಿದರು. ಮಲಗುವ ಕೋಣೆಯ ಬೀರುವಿನ ಕನ್ನಡಿಗೆ ಹೂವಿನ ಚಿತ್ರದ ಹಾಳೆ ಅಂಟಿಸಿದರು. ಹಜಾರದ ದೊಡ್ಡ ಕನ್ನಡಿಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ಫೋನಿನಲ್ಲಿಯೂ ಮುಖ ಕಾಣುತ್ತದೆ ಎಂದು ಯಾರಿಗೋ ಹೊಳೆದು, ಅವಳ ಫೋನು ರಿಪೇರಿಗೆ ಹೋಗಿದೆ ಎಂಬ ಕಥೆ ಹುಟ್ಟಿತು. ಬಚ್ಚಲುಮನೆಯ ಕನ್ನಡಿ ಮಾತ್ರ ಇವರ ಮಾತು ಕೇಳಲಿಲ್ಲ. ಅದನ್ನು ಅಂಟು ಹಾಕಿ ಗೋಡೆಗೇ ಕೂರಿಸಿದ್ದರು. ತಂಗಿಯ ಗಂಡ ಸ್ಕ್ರೂಡ್ರೈವರ್ ಇಟ್ಟು ಮೀಟಿದ. ಕನ್ನಡಿ ಚೂರಾಯಿತು, ಜೊತೆಗೆ ಸುತ್ತಲಿನ ಟೈಲ್ಸ್ ಕಿತ್ತು ಬಂದವು, ಅವುಗಳ ಹಿಂದೆ ಗೋಡೆ ನೀರು ಕುಡಿದು ಉಬ್ಬಿದ್ದು ಕಂಡಿತು. ಹೇಗೂ ಹಾಳಾಗಿದೆ, ಇಡೀ ಬಚ್ಚಲನ್ನೇ ಹೊಸದು ಮಾಡಿಸಿಬಿಡೋಣ ಎಂದು ತೀರ್ಮಾನವಾಯಿತು. ಕೇಳಿದವರಿಗೆಲ್ಲ, "ಅವಳು ಮನೆಗೆ ಬರೋಷ್ಟರಲ್ಲಿ ಒಂದು ಸರ್ಪ್ರೈಸ್" ಎಂದರು.

ಕಣ್ಣೊಂದನ್ನು ಕಳೆದುಕೊಂಡು ಮನೆಗೆ ಬರುತ್ತಿರುವವಳಿಗೆ ಇನ್ನೊಂದು ಸರ್ಪ್ರೈಸಿನ ಅಗತ್ಯ ಏನಿತ್ತು ಎಂದು ನಾನು ಕೇಳಿದೆ. 

ಅವಳ ಎಡಗಣ್ಣಿನ ಕೆಳಗೆ ಗಡ್ಡೆಯೊಂದು ಬೆಳೆದಿತ್ತು. ಅದನ್ನು ತೆಗೆಯುವಾಗ ಕಣ್ಣನ್ನೂ ಕೆನ್ನೆಯ ಮೂಳೆಯ ಒಂದು ಭಾಗವನ್ನೂ ತೆಗೆಯಬೇಕಾಯಿತು. ತೊಡೆಯ ಚರ್ಮ ತಂದು ಅಲ್ಲಿಗೆ ಹೊದಿಸಿದರು. ಗಾಯ ಪೂರ್ತಿ ಮಾಗಿದ ಮೇಲೆ ಕೃತಕ ಕಣ್ಣು ಕೂರಿಸಬಹುದು. ಅಲ್ಲಿಯವರೆಗೆ ದಿನವೂ ಆ ಜಾಗವನ್ನು ತೊಳೆದು, ಹೊಸ ಬಟ್ಟೆಯಿಟ್ಟು, ಪಟ್ಟಿ ಕಟ್ಟಬೇಕು. ಹೊಸ ಚರ್ಮದ ಬಣ್ಣದ ಮೇಲೆ ಕಣ್ಣಿಟ್ಟಿರಬೇಕು, ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಒಳ್ಳೆಯ ಬೆಳಕು, ಒಂದು ಕನ್ನಡಿ ಇದ್ದರೆ ಇದನ್ನೆಲ್ಲ ಅವರೇ ಮಾಡಿಕೊಳ್ಳಬಹುದು, ಬೇಗ ಕಲಿತಷ್ಟೂ ಒಳ್ಳೆಯದು. ನರ್ಸು ಕೈಗನ್ನಡಿಯನ್ನೂ ತಂದಿದ್ದಳಂತೆ. ಗಂಡ, ಮಗಳು ಇಬ್ಬರೂ ಒಟ್ಟಿಗೇ, "ಈಗ ಬೇಡ ಸಿಸ್ಟರ್" ಎಂದು ಅವಳನ್ನು ಬಾಗಿಲಲ್ಲೇ ತಡೆದರು. ಹೀಗಾಗಿ ನನ್ನ ತಂಗಿ ತನ್ನ ಮುಖವನ್ನು ನೋಡದೆಯೇ ಮನೆಗೆ ಬಂದಳು. ಅವಳ ಮುಖ ಈಗ ಹೇಗಿದೆ ಎಂಬುದು ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಇದರ ಅಸಹ್ಯ ತಿಳಿಯಬೇಕಾದರೆ ಅವಳು ಯಾರು ಎಂದು ತಿಳಿಯಬೇಕು. ಅವಳು ಜೀವಮಾನವೆಲ್ಲ ಫೋಟೊ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕುಳಿತು ಊರಿನವರ ಮುಖ ತಿದ್ದಿದವಳು. ಮೊದಲು ನೆಗೆಟಿವ್ ಮೇಲೆ ಸೂಜಿಯಷ್ಟು ಚೂಪಾದ ಪೆನ್ಸಿಲಿನಲ್ಲಿ, ಆಮೇಲೆ ಪ್ರಿಂಟಿನ ಮೇಲೆ ಎಳೆಯಷ್ಟು ಸಣ್ಣ ಕುಂಚದಲ್ಲಿ, ಕೊನೆಗೆ ಕಂಪ್ಯೂಟರಿನಲ್ಲಿ. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಸಿಡುಬಿನ ಕಲೆ, ನಗುವಾಗ ಒಂದರ ಮೇಲೊಂದು ಹತ್ತಿ ಕೂತ ಹಲ್ಲು, ಎಲ್ಲವೂ ಅವಳ ಕೈ ದಾಟಿಯೇ ಹೊರಗೆ ಹೋಗಬೇಕಿತ್ತು. ಕೆಲಸ ಶುರು ಮಾಡುವ ಮೊದಲು ಹೊರಗೆ ಬಂದು, ಫೋಟೊ ತೆಗೆಸಿಕೊಂಡವರನ್ನೇ ಎದುರಿಗೆ ನಿಲ್ಲಿಸಿಕೊಂಡು, "ಮಚ್ಚೆ ಇರ್ಲಾ, ಹೋಗ್ಲಾ?" ಎಂದು ಕೇಳುತ್ತಿದ್ದಳು. ಸ್ಟುಡಿಯೋದವರು ಅವಳಿಗೆ ಮಚ್ಚೆ ಮೇಡಂ ಎಂದು ಹೆಸರಿಟ್ಟದ್ದು ಅದಕ್ಕೇ. ಮಾರುಕಟ್ಟೆಯಲ್ಲಿ ಸಿಕ್ಕವರೂ ಹಾಗೇ ಕರೆಯುತ್ತಿದ್ದರು. ಅವಳು ತಿರುಗಿ ನೋಡುತ್ತಿದ್ದಳು.

ಒಮ್ಮೆ ಒಬ್ಬ ದೊಡ್ಡ ಮನುಷ್ಯ ಹೆಂಡತಿಯ ಫೋಟೊ ಹಿಡಿದು ಬಂದ. ಆಕೆಯ ಕತ್ತಿನ ಮೇಲೆ ಸುಟ್ಟ ಗಾಯದ ಗುರುತಿತ್ತು. "ಇದನ್ನ ತೆಗೆದುಬಿಡಿ" ಎಂದ.

"ಅವರನ್ನ ಕರ್ಕೊಂಡು ಬನ್ನಿ" ಎಂದಳು ಇವಳು.

"ಹೇಳ್ತಿರೋನು ನಾನು ಕಣಮ್ಮ."

"ಕತ್ತು ಅವರದಲ್ವಾ ಸಾರ್."

ಆತ ಮಾಲೀಕನ ಹತ್ತಿರ ಕೂಗಾಡಿದ. ಮಾಲೀಕ ಇವಳ ಹತ್ತಿರ ಕೂಗಾಡಿದ. ಇವಳು ಕುಂಚ ತೊಳೆದಿಟ್ಟು ಸುಮ್ಮನೆ ಕೂತಳು. ಮಾರನೆಯ ದಿನ ಆ ಹೆಂಗಸೇ ಬಂದು, "ತೆಗೀರಿ, ನನಗೂ ಅದು ಬೇಡ" ಎಂದರು. ಇವಳು ಮರುಮಾತಿಲ್ಲದೆ ತೆಗೆದುಕೊಟ್ಟಳು. ಮನೆಗೆ ಬಂದು ಇದನ್ನು ಹೇಳುವಾಗ ಅವಳ ದನಿಯಲ್ಲಿ ಗೆದ್ದ ಗತ್ತಾಗಲಿ, ಸೋತ ಬೇಸರವಾಗಲಿ ಇರಲಿಲ್ಲ. ಕೇಳಬೇಕಾದವರನ್ನು ಕೇಳಿದ್ದಾಯಿತು, ಅಷ್ಟೇ.

ಅಂಥವಳನ್ನು ಯಾರೂ ಏನೂ ಕೇಳಲಿಲ್ಲ.

ಅವಳ ಗಂಡ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಬೀದಿಯ ಹುಡುಗನೇ. ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದ ಕಾಲದಿಂದ ಅವನನ್ನು ಏಕವಚನದಲ್ಲೇ ಕರೆದಿದ್ದೇನೆ. ಯಾರು ಏನು ಜಗಳ ತಂದರೂ "ಸಮಾಧಾನ, ಸಮಾಧಾನ" ಎನ್ನುವುದು ಅವನ ಅಭ್ಯಾಸವಾದ್ದರಿಂದ ಮನೆಯಲ್ಲಿ ಅವನಿಗೆ ಸಮಾಧಾನಿ ಎಂದೇ ಹೆಸರು. ಮಗಳು ವಿಮಾ ಕಚೇರಿಯಲ್ಲಿದ್ದಾಳೆ. ಕೆಟ್ಟವಳಲ್ಲ. ಆದರೆ ಯಾರಿಗೆ ಏನು ಒಳ್ಳೆಯದು ಎಂಬುದು ತನಗೆ ಅವರಿಗಿಂತ ಮೊದಲೇ ತಿಳಿಯುತ್ತದೆ ಎಂದು ನಂಬಿದ್ದಾಳೆ. ಆಸ್ಪತ್ರೆಯಿಂದ ಬಂದ ದಿನದಿಂದ ಪಟ್ಟಿ ಬಿಚ್ಚಿ ಕಟ್ಟುವ ಕೆಲಸ ಅವಳದೇ. ಬೆಳಗ್ಗೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಪರದೆ ಎಳೆದು, ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೋ ಎಂದು ಹೇಳಿ ಮಾಡುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಸಮಾಧಾನಿಗೆ ಹಾಲು ತರುವ ನೆನಪಾಗುತ್ತಿತ್ತು. ಫ್ರಿಜ್ ತುಂಬ ಹಾಲು.

ಬಚ್ಚಲಿನ ಬಣ್ಣ ಮತ್ತು ಲೈಟು ಆರಿಸುವ ದಿನ ನಾನೂ ಅಲ್ಲಿದ್ದೆ. ಟೈಲ್ಸ್ ಎಲ್ಲ ಕಿತ್ತು, ಹೊಸ ಸಿಮೆಂಟು ಮೆತ್ತಿ, ನೆಲಕ್ಕೆ ಹೊಸ ಕಲ್ಲು ಹಾಕಿ ಆಗಿತ್ತು. ಗೋಡೆಗೆ ಬಣ್ಣದ ಅಡಿಗೆ ಬಳಿಯುವ ಬಿಳಿ ಪ್ರೈಮರ್ ಹೊಡೆದಿದ್ದರು. ಮಗಳ ಗೆಳತಿ ಒಬ್ಬಳು ಇಂಟೀರಿಯರ್ ಕೆಲಸ ಮಾಡುತ್ತಾಳೆ. ಅವಳು ಬಣ್ಣದ ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿದಳು.

"ಇದು ಪೀಚ್. ನೋಡಿ ಆಂಟಿ, ನೋಡ್ತಿದ್ರೇನೇ ಮನಸ್ಸಿಗೆ ಹಿತವಾಗುತ್ತೆ. ಇದರ ಮೇಲೆ ಸಣ್ಣದಾಗಿ ಒಂದು ಹಳದಿ ಲೈಟ್ ಬಿಟ್ರೆ ಯಾರನ್ನ ನಿಲ್ಲಿಸಿದ್ರೂ ಚೆನ್ನಾಗಿ ಕಾಣ್ತಾರೆ. ನಾವು ಅದನ್ನ ಕ್ಷಮಿಸೋ ಬೆಳಕು ಅಂತೀವಿ."

"ಯಾರು ಏನು ತಪ್ಪು ಮಾಡಿದ್ದಾರೆ ಅಂತಮ್ಮ ಕ್ಷಮಿಸೋದು?" ಎಂದಳು ನನ್ನ ತಂಗಿ. ಅರ್ಧ ಮುಖ ಪಟ್ಟಿಯೊಳಗಿತ್ತು. ಉಳಿದ ಒಂದು ಕಣ್ಣನ್ನು ಕಾರ್ಡುಗಳ ಮೇಲೆ ಓಡಿಸುತ್ತಿದ್ದಳು. "ಬೂದು ಬಣ್ಣ ಯಾವುದಿದೆ ತೋರಿಸು."

"ಅಮ್ಮಾ, ಬೂದು ಹೊಡೆದ್ರೆ ಗೋಡೌನ್ ಥರ ಇರುತ್ತೆ" ಎಂದಳು ಮಗಳು.

"ಇರ್ಲಿ. ಅಲ್ಲೇನು ಮದುವೆ ಮಾಡಿಸ್ಬೇಕಾ ನಾನು?"

"ಕಾಯಿಲೆ ಇರೋರು ಇರೋ ಮನೇಲಿ ಬೂದು ಬಣ್ಣ ಮನಸ್ಸಿಗೆ ಒಳ್ಳೇದಲ್ಲ ಆಂಟಿ" ಎಂದಳು ಇಂಟೀರಿಯರ್ ಹುಡುಗಿ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ.

ನನ್ನ ತಂಗಿ ತಾಳ್ಮೆಯಿಂದಲೇ ವಿವರಿಸಿದಳು. ಸ್ಟುಡಿಯೋದಲ್ಲಿ ತಾನು ಕೂರುತ್ತಿದ್ದ ಕೋಣೆಗೆ ಮೂರು ಸಲ ಮಾಲೀಕ ಬದಲಾದರೂ ಬಣ್ಣ ಬದಲಾಗಲಿಲ್ಲ, ಯಾವಾಗಲೂ ಬೂದು. ಗೋಡೆಗೆ ಏನು ಬಣ್ಣವಿದೆಯೋ ಅದು ಹಾರಿ ಬಂದು ಮುಖದ ಮೇಲೆ ಕೂರುತ್ತದೆ. ಪೀಚ್ ಗೋಡೆಯ ನಡುವೆ ಕೆಂಪಾದ ಚರ್ಮವೂ ಒಂದೇ, ಆರೋಗ್ಯವಾದ ಚರ್ಮವೂ ಒಂದೇ. "ಚರ್ಮದ ಬಣ್ಣ ನೋಡ್ತಿರಿ ಅಂತ ಡಾಕ್ಟರು ಹೇಳಿಲ್ವಾ? ಲೈಟು ಬಿಳೀದು ಬೇಕು. ತಲೆ ಮೇಲೆ ಬೇಡ, ಕನ್ನಡಿ ಆಚೆ ಈಚೆ, ಮುಖದ ಎತ್ತರಕ್ಕೆ ಎರಡು. ಮೇಲಿಂದ ಬಿದ್ರೆ ಹಳ್ಳದಲ್ಲಿ ನೆರಳು ತುಂಬ್ಕೊಳ್ಳುತ್ತೆ."

ಹಳ್ಳ ಎಂಬ ಮಾತು ಕೇಳಿ ಸಮಾಧಾನಿ ಚಹಾದ ಲೋಟ ಕೆಳಗಿಟ್ಟು ಕಿಟಕಿಯ ಕಡೆ ನೋಡತೊಡಗಿದ. ಅವಳು ತನ್ನ ಮುಖದ ಬಗ್ಗೆ ಮಾತಾಡುವಾಗ ಆ ಮೇಜಿನ ಸುತ್ತ ಕೂತ ಒಬ್ಬರೂ ಅವಳ ಮುಖದ ಕಡೆ ನೋಡುತ್ತಿರಲಿಲ್ಲ. ನನಗೆ ಅದು ಆಗಲೇ ಕಣ್ಣಿಗೆ ಬಿತ್ತು.

"ಕನ್ನಡಿ ಎಷ್ಟು ದೊಡ್ಡದು ಹಾಕ್ತೀಯಮ್ಮ?" ಎಂದು ತಂಗಿ ಕೇಳಿದಳು.

ಇಂಟೀರಿಯರ್ ಹುಡುಗಿ ಮಗಳ ಕಡೆ ತಿರುಗಿದಳು. ಮಗಳು ಕಾರ್ಡು ಜೋಡಿಸತೊಡಗಿದಳು. "ಡಿಸೈನ್‌ನಲ್ಲಿ ಕನ್ನಡಿ ಬರಲ್ಲ ಆಂಟಿ. ಆ ಜಾಗಕ್ಕೆ ಒಂದು ಗಿಡದ ಚಿತ್ರ ಬರುತ್ತೆ. ತುಂಬಾ ಶಾಂತವಾಗಿರುತ್ತೆ" ಎಂದಳು ಆ ಹುಡುಗಿ.

"ಗಿಡ ನೋಡ್ಕೊಂಡು ತಲೆ ಬಾಚ್ಕೊಳ್ಳೋದಾ? ಹಜಾರದ ಕನ್ನಡಿ ಎಲ್ಲಿ ಹೋಯ್ತು?"

"ಪಾಲಿಶ್‌ಗೆ ಕೊಟ್ಟಿದ್ದೀವಿ" ಎಂದ ಸಮಾಧಾನಿ, ಕಿಟಕಿಗೇ.

"ಕನ್ನಡಿಗೆ ಪಾಲಿಶಾ?"

ನನಗೆ ಇನ್ನು ತಡೆಯಲಾಗಲಿಲ್ಲ. "ಮಂಚದ ಕೆಳಗಿದೆ" ಎಂದೆ. "ಹೊದಿಕೆ ಸುತ್ತಿಟ್ಟಿದ್ದಾರೆ. ಬೀರುವಿನದಕ್ಕೆ ಹಾಳೆ ಅಂಟಿಸಿದ್ದಾರೆ. ಬಚ್ಚಲಿನದನ್ನ ಒಡೆದು ಹಾಕಿದ್ದಾರೆ. ನಿನ್ನ ಫೋನಿಗೂ ಏನೂ ಆಗಿಲ್ಲ. ನಿನಗೆ ನಿನ್ನ ಮುಖ ಕಾಣಬಾರದು ಅಂತ ಮನೆಯವರೆಲ್ಲ ಸೇರಿ ನಾಟಕ ಆಡ್ತಿದ್ದಾರೆ."

"ದೊಡ್ಡಮ್ಮ, ನಿಮಗೆ ಸ್ವಲ್ಪನಾದ್ರೂ ಕರುಣೆ ಇದೆಯಾ?" ಎಂದಳು ಮಗಳು.

"ಇದೆ. ನಿನ್ನ ಹಾಗೆ ಅದನ್ನ ಗೋಡೆಗೆ ಬಳಿಯಲ್ಲ."

ತಂಗಿ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಎಲ್ಲವೂ ಗೊತ್ತಿದ್ದು, ಯಾರು ಬಾಯಿ ಬಿಡುತ್ತಾರೆ ಎಂದು ಕಾಯುತ್ತಿದ್ದಿರಬೇಕು. ಮಂಚದ ಕೆಳಗಿನ ಕನ್ನಡಿಯನ್ನು ಈಗಲೇ ಎಳೆದು ತರಲೇ ಎಂದು ಕೇಳಿದೆ.

"ಬೇಡಕ್ಕ. ಸರಿಯಾದ ಬೆಳಕಿಲ್ಲದೆ ಇದುವರೆಗೂ ಯಾರ ಮುಖನೂ ನೋಡಿ ತೀರ್ಮಾನ ಮಾಡ್ದೋಳಲ್ಲ ನಾನು. ನಂದನ್ನೂ ಹಾಗೆ ನೋಡಲ್ಲ. ಬಚ್ಚಲು ಆಗ್ಲಿ. ಬೂದು ಗೋಡೆ, ಎರಡು ಬಿಳಿ ಲೈಟು, ಹಜಾರದ ಕನ್ನಡಿ. ಅಲ್ಲಿ ನಿಂತು ಒಂದೇ ಸಲ ನೋಡ್ತೀನಿ. ಆಮೇಲೆ ಪಟ್ಟಿ ನಾನೇ ಕಟ್ಕೋತೀನಿ."

ಅವಳಿಗೆ ಭಯವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಭಯವನ್ನು ಎದುರಿಸುವುದಕ್ಕೆ ತನಗೆ ಗೊತ್ತಿದ್ದ ಒಂದೇ ಕೋಣೆಯನ್ನು ಅವಳು ಕೇಳುತ್ತಿದ್ದಳು. ಅದು ದೊಡ್ಡ ಬೇಡಿಕೆಯೇನಲ್ಲ.

ಎಲ್ಲರೂ ತಲೆಯಾಡಿಸಿದರು. ಸಮಾಧಾನಿ, "ಆಯ್ತು ಆಯ್ತು, ನೀನು ಹೇಳ್ದಂಗೇ" ಎಂದ. ಇಂಟೀರಿಯರ್ ಹುಡುಗಿ ಬೂದು ಕಾರ್ಡಿನ ಮೂಲೆ ಮಡಚಿ ಗುರುತು ಮಾಡಿಕೊಂಡಳು. ನಾನು ಮನೆಗೆ ಬಂದೆ.

ಮಾರನೆಯ ದಿನವೇ ಪೇಂಟರ್ ಬಂದು ಪೀಚ್ ಬಣ್ಣ ಹೊಡೆದ.

ತಂಗಿಗೆ ಗೊತ್ತಾದದ್ದು ಅದರ ಮರುದಿನ, ಸಂಜೆಯ ಹೊತ್ತು. ಮಾತ್ರೆಯ ಮಂಪರಿನಲ್ಲಿ ಮಲಗಿದ್ದವಳು ಎದ್ದು ಗೋಡೆ ಹಿಡಿದುಕೊಂಡು ಹೋಗಿ ಬಚ್ಚಲಿನ ಬಾಗಿಲು ತಳ್ಳಿದಳು. ಒಳಗೆ ಪೇಂಟರ್ ಸ್ಟೂಲಿನ ಮೇಲೆ ನಿಂತು ಮೂಲೆ ಮುಗಿಸುತ್ತಿದ್ದ. ಗೋಡೆಗಳೆಲ್ಲ ಜ್ವರ ಬಂದ ಮಗುವಿನ ಕೆನ್ನೆಯ ಬಣ್ಣಕ್ಕೆ ತಿರುಗಿದ್ದವು. ಸೂರಿನಿಂದ ಹಳದಿ ಬಲ್ಬೊಂದು ನೇತಾಡುತ್ತಿತ್ತು. ಸಮಾಧಾನಿ ಓಡಿ ಬಂದ.

"ಅದು ಪ್ರೈಮರ್ ಕಣೇ."

"ಪ್ರೈಮರ್ ಬೆಳ್ಳಗಿರುತ್ತೆ."

"ಈಗ ಹೊಸ ಥರದ್ದು ಬಂದಿದೆ. ಇದರ ಮೇಲೆ ಹೊಡೆದ್ರೆ ಬೂದು ಎದ್ದು ಕಾಣುತ್ತಂತೆ."

ಪೇಂಟರ್ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. "ಸಾರ್, ಇದು ಎರಡನೇ ಕೋಟು" ಎಂದ. "ನಿಮ್ಮನೆ ವಿಷಯ ನನಗೆ ಗೊತ್ತಿಲ್ಲ. ಆದ್ರೆ ನನ್ನ ಕೆಲಸಾನ ಪ್ರೈಮರ್ ಅನ್ಬೇಡಿ."

ತಂಗಿ ಹೋಗಿ ಮಲಗಿದಳು. ಬೆಳಗ್ಗೆ ಮಗಳು ತಟ್ಟೆಯಲ್ಲಿ ಹತ್ತಿ, ಕತ್ತರಿ, ಔಷಧಿ ನೀರು ಇಟ್ಟುಕೊಂಡು ಬಂದಾಗ ಎದ್ದು ಕುಳಿತು ತಟ್ಟೆಯನ್ನು ದೂರ ಸರಿಸಿದಳು. "ನನ್ನ ಮುಖ ನಾನು ನೋಡೋ ತನಕ ಇನ್ಯಾರೂ ಮುಟ್ಟೋ ಹಂಗಿಲ್ಲ."

ಮಗಳು ಬೇಡಿಕೊಂಡಳು, ರೇಗಿದಳು, ಡಾಕ್ಟರಿಗೆ ಫೋನು ಮಾಡುವೆನೆಂದಳು. ಮಾಡು ಎಂದಳು ತಾಯಿ. ಡಾಕ್ಟರು, ಇವತ್ತು ಸಂಜೆಯೊಳಗೆ ಆಗಲೇಬೇಕು, ತಡವಾಗಿ ಕೀವು ಸೇರಿಕೊಂಡರೆ ಹೊದಿಸಿದ ಚರ್ಮವೇ ಕೈಬಿಡಬಹುದು ಎಂದರಂತೆ. ಅದಕ್ಕೂ ಅವಳು ಜಗ್ಗಲಿಲ್ಲ. ಆಗ ನನಗೆ ಫೋನು ಬಂತು. ಹಾಲು ಉಕ್ಕಿದಾಗ ನೆರೆಮನೆಯವರನ್ನು ಕೂಗಿದಂತೆ, "ಅಕ್ಕಾ, ಬೇಗ ಬಾ, ಅವಳಿಗೆ ಬುದ್ಧಿ ಹೇಳು" ಎಂದ ಸಮಾಧಾನಿ.

ನಾನು ಹೋದೆ. ಬುದ್ಧಿ ಹೇಳಬೇಕಾದವರಿಗೆ ಹೇಳುವುದಕ್ಕೇ ಹೋದೆ.

ಹಜಾರದಲ್ಲಿ ಮಗಳು ನನ್ನ ಮೇಲೆ ಹರಿಹಾಯ್ದಳು. "ಎಲ್ಲ ನಿಮ್ಮಿಂದ ದೊಡ್ಡಮ್ಮ. ಬಂದು ನಾಲ್ಕು ಮಾತು ಆಡಿ ಹೋಗ್ತೀರ. ದಿನಾ ಬಿಚ್ಚಿ ನೋಡ್ತಿರೋಳು ನಾನು. ನೋಡಿ ಆದ್ಮೇಲೆ ಆಫೀಸಿಗೆ ಹೋಗಿ ಟಾಯ್ಲೆಟ್‌ನಲ್ಲಿ ಅರ್ಧ ಗಂಟೆ ಕೂತಿರ್ತೀನಿ. ನೀವು ಒಂದು ಸಲನಾದ್ರೂ ನೋಡಿದ್ದೀರಾ?"

"ಇಲ್ಲ. ಅವಳು ಕರೆದ್ರೆ ನೋಡ್ತೀನಿ."

"ಅದನ್ನ ನೋಡಿದ್ರೆ ಅಮ್ಮ ಕುಸಿದು ಹೋಗ್ತಾಳೆ."

ಅವಳ ಕಷ್ಟ ಸುಳ್ಳಲ್ಲ. ಆ ಮಟ್ಟಿಗೆ ನನ್ನ ದನಿ ಇಳಿಯಿತು. "ನಿನಗೆ ತಡೆಯೋಕಾಗಲ್ಲ ಅನ್ನೋದು ನಿಜ" ಎಂದೆ. "ಅವಳು ಕುಸಿದು ಹೋಗ್ತಾಳೆ ಅನ್ನೋದು ನಿನ್ನ ಊಹೆ. ನಿನ್ನ ಊಹೆಗೋಸ್ಕರ ಅವಳನ್ನ ಪೀಚ್ ಗೋಡೆ ಒಳಗೆ ಕೂಡಿಹಾಕಿದ್ದೀಯ. ನಾಳೆ ನಿನಗೆ ಜ್ವರ ಬಂದ್ರೆ ಪಟ್ಟಿ ಯಾರು ಕಟ್ತಾರೆ? ನಿಮ್ಮಪ್ಪನಾ?"

ಸಮಾಧಾನಿ ಸೋಫಾದ ತುದಿಯಲ್ಲಿ ಕುಳಿತಿದ್ದ. "ಸಮಾಧಾನ ಅಕ್ಕ" ಎಂದ.

ಬಾಗಿಲಲ್ಲಿ ನನ್ನ ತಂಗಿ ಬಂದು ನಿಂತದ್ದು ಆಗಲೇ. ಹಳೆಯ ಪಟ್ಟಿ ಸಡಿಲವಾಗಿ ಕೆನ್ನೆಯ ಕಡೆಗೆ ಜಾರಿತ್ತು. "ಅವರನ್ನ ಸ್ವಲ್ಪ ಮಾತಾಡೋಕೆ ಬಿಡಿ" ಎಂದಳು. "ಪೀಚ್ ಹೊಡೀರಿ ಅಂತ ಪೇಂಟರ್‌ಗೆ ಹೇಳಿದ್ದು ಯಾರು ಅಂತ ಬೆಳಗ್ಗೆ ಇವರ ಫೋನಿಂದಲೇ ಅವನಿಗೆ ಫೋನ್ ಮಾಡಿ ಕೇಳ್ದೆ. ಮಗಳಲ್ಲಂತೆ. ಸಾರ್ ಹೇಳಿದ್ರು ಅಂದ."

ಮಗಳು ಅಪ್ಪನ ಕಡೆ ತಿರುಗಿದಳು. ಅವಳಿಗೂ ಇದು ಗೊತ್ತಿರಲಿಲ್ಲವೆಂದು ಆಗ ತಿಳಿಯಿತು. ಅವಳು ಅಂದು ಬೂದು ಬಣ್ಣಕ್ಕೆ ಒಪ್ಪಿ ಎದ್ದಿದ್ದಳಂತೆ; ಪೀಚ್ ಹೊಡೆಸಿದ್ದು ಗೆಳತಿಯೇ ಇರಬೇಕು ಎಂದುಕೊಂಡಿದ್ದಳಂತೆ. ನಾನು ಅವಳ ಮೇಲೆ ಸುಮ್ಮನೆ ಕೂಗಾಡಿದ್ದೆ.

"ಹೇಳಿ ರೀ" ಎಂದಳು ತಂಗಿ.

ಅವನು ತುಂಬಾ ಹೊತ್ತು ಮಂಡಿ ಉಜ್ಜಿಕೊಂಡ. "ನನಗೆ ನೋಡೋಕಾಗಲ್ಲ" ಎಂದ ಕೊನೆಗೆ. "ಆಸ್ಪತ್ರೇಲಿ ಒಂದು ಸಲ ಪಟ್ಟಿ ಬಿಚ್ಚಿದ್ದಾಗ ಪರದೆ ಸಂದಿಯಿಂದ ನೋಡಿದೆ. ಅವತ್ತಿಂದ ಆಗ್ತಾ ಇಲ್ಲ. ಅಷ್ಟು ಬಿಳೀ ಲೈಟಲ್ಲಿ, ಬಾಗಿಲು ತೆಗೆದಿದ್ದಾಗ ನಾನು ಆ ಕಡೆ ಹಾದು ಹೋದ್ರೆ… ಸ್ವಲ್ಪ ಮಬ್ಬಾಗಿದ್ರೆ ನನಗೂ ಅಭ್ಯಾಸ ಆಗುತ್ತೆ ಅಂದ್ಕೊಂಡೆ."

ಅಂದರೆ ಕ್ಷಮಿಸುವ ಬೆಳಕು ಬೇಕಾಗಿದ್ದದ್ದು ಇವನಿಗೆ. ಆಸ್ಪತ್ರೆಯಲ್ಲಿ ಕೈಗನ್ನಡಿ ತಡೆದದ್ದು, ಹೂವಿನ ಹಾಳೆ, ಮಂಚದ ಕೆಳಗಿನ ಕನ್ನಡಿ, ಇಷ್ಟೆಲ್ಲ ಅವಳ ಹೆಸರಿನಲ್ಲಿ, ಅವಳ ಮನಸ್ಸಿನ ನೆಮ್ಮದಿಗಾಗಿ ಎಂದು ಊರಿಗೆಲ್ಲ ಹೇಳಿಕೊಂಡು ನಡೆದಿತ್ತು. ಹೆದರುವುದು ಅಪರಾಧವಲ್ಲ. ತನ್ನ ಹೆದರಿಕೆಯನ್ನು ಇನ್ನೊಬ್ಬರ ಮುಖಕ್ಕೆ ಕಟ್ಟಿ, ಅದಕ್ಕೆ ಪ್ರೀತಿ ಎಂದು ಹೆಸರಿಡುವುದು ಅಪರಾಧ. ನಾನು ಇದನ್ನು ಅವನ ಮುಖಕ್ಕೇ ಹೇಳಿದೆ. ಇನ್ನೂ ಹೇಳುತ್ತಿದ್ದೆ. ತಂಗಿ ತಡೆದಳು.

"ಆಗಲ್ಲ ಅಂತ ಮೊದಲೇ ಅನ್ಬೇಕಿತ್ತು" ಎಂದಳು ಗಂಡನಿಗೆ. "ಮೂವತ್ತು ವರ್ಷ ಸಂಸಾರ ಮಾಡಿದ್ದೀವಿ. ಅಷ್ಟು ಹೇಳೋಕೆ ಪೇಂಟರ್ ಬೇಕಿತ್ತಾ? ಈಗ ಅವನನ್ನ ಕರೆಸಿ. ಸಂಜೆಯೊಳಗೆ ಆಗ್ಬೇಕು."

ಪೇಂಟರ್ ಬಂದ. ಬಾಗಿಲಲ್ಲೇ ನಿಂತು, "ಮೊದಲು ಒಂದು ಮಾತು. ಈ ಮನೇಲಿ ಬಣ್ಣ ಹೇಳೋರು ಯಾರು?" ಎಂದು ಕೇಳಿದ. "ನಾನು" ಎಂದಳು ತಂಗಿ. "ಬರೆದು ಕೊಡಿ ಅನ್ನಲ್ಲ ಮೇಡಂ. ಆದ್ರೆ ಮತ್ತೆ ಯಾರಾದ್ರೂ ಫೋನ್ ಮಾಡಿದ್ರೆ ನಾನು ಎತ್ತಲ್ಲ" ಎಂದು ಒಳಗೆ ಹೋದ. ಅಂಗಡಿಯಿಂದ ಬೂದು ಬಣ್ಣ ತರಿಸಲು ಹೊತ್ತಿರಲಿಲ್ಲವಾದ್ದರಿಂದ ಉಳಿದಿದ್ದ ಬಿಳಿಗೆ ಕಪ್ಪು ಬೆರೆಸಿದ. ತಂಗಿ ಸ್ಟೂಲು ಹಾಕಿಸಿಕೊಂಡು ಬಾಗಿಲಲ್ಲಿ ಕೂತಳು.

"ಇನ್ನೊಂಚೂರು ಕಪ್ಪು ಹಾಕು."

"ಬೇಡ ಮೇಡಂ. ಒಣಗಿದ್ರೆ ಇನ್ನೂ ಗಾಢ ಆಗುತ್ತೆ."

"ಹಾಕು ಅಂದೆ."

ಹಾಕಿದ. ಒಣಗಿದ ಮೇಲೆ ಅವಳು ಬಯಸಿದ್ದಕ್ಕಿಂತ ಹೆಚ್ಚೇ ಕಪ್ಪಾಯಿತು. ಗೋಡೆಯ ಕೆಳಭಾಗದಲ್ಲಿ ಅಲ್ಲಲ್ಲಿ ಪೀಚ್ ಇಣುಕುತ್ತಿತ್ತು. ಅಂಥ ಕುರೂಪದ ಬಚ್ಚಲನ್ನು ನಾನು ನೋಡಿಲ್ಲ. ಅವಳಿಗೆ ಹೇಳಿದೆ. "ಹೌದು, ಚೆನ್ನಾಗಿಲ್ಲ" ಎಂದು ಒಪ್ಪಿಕೊಂಡಳು. "ಮುಂದಿನ ತಿಂಗಳು ತಿಳಿ ಮಾಡಿಸ್ತೀನಿ. ಇವತ್ತಿಗೆ ಸಾಕು."

ಪೇಂಟರನ ಪರಿಚಯದ ಎಲೆಕ್ಟ್ರಿಷಿಯನ್ ಬಂದು ಸೂರಿನ ಹಳದಿ ಬಲ್ಬನ್ನು ಇಳಿಸಿ, ಗೋಡೆಯ ಮೇಲೆ ಎರಡು ಬಿಳಿ ಟ್ಯೂಬುಗಳನ್ನು ನೆಟ್ಟಗೆ ಕೂರಿಸಿದ. ಮಗಳು ಮಂಚದ ಕೆಳಗೆ ನುಸುಳಿ ಕನ್ನಡಿಯನ್ನು ಎಳೆದು ತಂದಳು. ಅದನ್ನು ಒರೆಸಿದವಳೂ ಅವಳೇ. ಟ್ಯೂಬುಗಳ ನಡುವೆ ಅದನ್ನು ತೂಗುಹಾಕಿದರು. ಹೊರಗೆ ಇನ್ನೂ ಬಿಸಿಲಿತ್ತು. ಬಣ್ಣದ ವಾಸನೆ ಮನೆಯೆಲ್ಲ ತುಂಬಿತ್ತು.

ತಂಗಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಚಿಲಕ ಹಾಕಬೇಡಮ್ಮ ಎಂದು ಮಗಳು ಹೇಳಿ ಮುಗಿಸುವ ಮೊದಲೇ ಚಿಲಕದ ಸದ್ದಾಯಿತು.

ನಾವು ಮೂವರೂ ಹಜಾರದಲ್ಲಿ ಉಳಿದೆವು. ನಲ್ಲಿ ತೆರೆದ ಸದ್ದು, ನಿಂತ ಸದ್ದು. ಆಮೇಲೆ ಏನೂ ಕೇಳಲಿಲ್ಲ. ಮಗಳು ಉಗುರು ಕಚ್ಚುತ್ತಿದ್ದಳು. ಸಮಾಧಾನಿ ಬಾಗಿಲವರೆಗೆ ಹೋಗುವುದು, ವಾಪಸು ಬರುವುದು. ತಟ್ಟಬೇಡ ಎಂದೆ. ತಟ್ಟಲಿಲ್ಲ. ಒಳಗಿನಿಂದ ಒಮ್ಮೆ ಮೂಗು ಎಳೆದ ಸದ್ದು ಬಂದಂತಾಯಿತು. ಅದು ಅಳುವೋ ಬಣ್ಣದ ಘಾಟೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕೊನೆಗೆ ಚಿಲಕ ತೆಗೆದಳು. ಪಟ್ಟಿ ಇರಲಿಲ್ಲ. ನಾನು ನೋಡಿದೆ. ನೋಡಲು ಸುಲಭವಾಗಿರಲಿಲ್ಲ ಎಂದಷ್ಟೇ ಬರೆಯುತ್ತೇನೆ; ಉಳಿದದ್ದನ್ನು ವರ್ಣಿಸುವ ಹಕ್ಕನ್ನು ಅವಳು ನನಗೆ ಕೊಟ್ಟಿಲ್ಲ.

"ಮೂಗಿನ ಹತ್ರ ಚರ್ಮ ಕೆಂಪಾಗಿದೆ. ಡಾಕ್ಟರಿಗೆ ಹೇಳ್ಬೇಕು" ಎಂದಳು. "ಒಂದು ಕೈಲಿ ತಟ್ಟೆ ಹಿಡ್ಕೊಂಡು ಇನ್ನೊಂದು ಕೈಲಿ ಮಾಡೋಕಾಗ್ತಿಲ್ಲ. ರೀ, ಬನ್ನಿ, ತಟ್ಟೆ ಹಿಡ್ಕೊಳ್ಳಿ."

"ನಾನು ಹಿಡ್ಕೋತೀನಿ ಅಮ್ಮ" ಎಂದು ಮಗಳು ಎದ್ದಳು.

"ನೀನು ಮಾಡಿದ್ದು ಸಾಕು ಮರಿ. ಅಲ್ಲೇ ಕೂತ್ಕೊಂಡು, ಹೇಗೆ ಸುತ್ತೋದು ಅಂತ ಹೇಳು."

ಸಮಾಧಾನಿ ಒಳಗೆ ಹೋದ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ, ಅನ್ನಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗಿನ ಹತ್ತಿಯನ್ನೇ ದಿಟ್ಟಿಸುತ್ತ ಅವಳ ಪಕ್ಕದಲ್ಲಿ ನಿಂತ. ಬೂದು ಗೋಡೆಯ ನಡುವೆ, ಆ ಬಿಳಿ ಬೆಳಕಿನಲ್ಲಿ ಅವನ ಮುಖವೂ ಏನೂ ಚೆನ್ನಾಗಿ ಕಾಣುತ್ತಿರಲಿಲ್ಲ.

"ತಟ್ಟೇಲಿ ಏನಿದೆ ಅಂತ ನಂಗೊತ್ತು" ಎಂದಳು. "ಕನ್ನಡಿ ನೋಡಿ."

ಅವನು ತಲೆ ಎತ್ತಿದ. ತಟ್ಟೆಯಲ್ಲಿ ಕತ್ತರಿ ಕಟಕಟ ಎಂದಿತು. ಕನ್ನಡಿಯೊಳಗಿಂದ ಅವಳು ಅವನನ್ನು ನೋಡುತ್ತ ಕಾದಳು.

"ಬಲಗಡೆ ಹಾಗೇ ಇದೆ" ಎಂದ.

"ಬಲಗಡೆಗೆ ಏನೂ ಆಗಿಲ್ಲ, ಹಾಗೇ ಇರುತ್ತೆ. ಎಡಗಡೆ ಹೇಗಿದೆ ಹೇಳಿ."

ಅವನು ನೋಡಿದ. ಈ ಸಲ ಕಿಟಕಿಯ ಕಡೆಗೆ ತಿರುಗಲಿಲ್ಲ.

"ಕೆಟ್ಟದಾಗಿದೆ" ಎಂದ.

"ಹ್ಞೂಂ" ಎಂದಳು ನನ್ನ ತಂಗಿ. "ಕತ್ತರಿ ಕೊಡಿ."